ಬೆಲೆ ಕಟ್ಟುವವರು

(2022ರ ಅಕ್ಟೋಬರ್. ಮೆಲ್ಬರ್ನ್‌ನ ಕ್ಷೌರದಂಗಡಿ. ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬುಗಳ ಆಟಗಾರರ ವಿನಿಮಯದ ಸಂತೆ ಆಗಷ್ಟೇ ಮುಗಿದಿದೆ. ಕತ್ತರಿ ಕಾಲಿಂಗ್‌ವುಡ್ ಕ್ಲಬ್ಬಿನ ಭಕ್ತನ ಕೈಯಲ್ಲಿ, ತಲೆ ಎದುರಾಳಿ ಮೆಲ್ಬರ್ನ್ ಕ್ಲಬ್ಬಿನ ಭಕ್ತನದು. ಧೈರ್ಯ ಮೆಚ್ಚಬೇಕು.)

ಗಿರಾಕಿ: ನಿಮ್ಮ ಬ್ರೋಡಿ ಗ್ರಂಡಿ ನಮ್ಮ ಕಡೆ ಬಂದನಂತೆ?

ಕ್ಷೌರಿಕ: ನಾವೇ ಕಳಿಸಿದ್ದು ಸ್ವಾಮಿ. 2020ರಲ್ಲಿ ಏಳು ವರ್ಷದ ಕರಾರು ಬರೆದಿದ್ವಿ. ಬೆಲೆ ಕಟ್ಟೋಕಾಗದ ಆಟಗಾರ!

ಗಿರಾಕಿ: ಬದಲಿಗೆ ಏನ್ ಸಿಕ್ತು?

ಕ್ಷೌರಿಕ: ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನ ಆರಿಸೋ 27ನೇ ಸರದಿ.

ಗಿರಾಕಿ: ಅಂದ್ರೆ ಇಪ್ಪತ್ತಾರು ಸಲ ಆರಿಸಿ ಮಿಕ್ಕಿದ ಹುಡುಗ.

ಕ್ಷೌರಿಕ: ಹೆಸರೇ ಗೊತ್ತಿಲ್ಲ ನೋಡಿ, ಅದಕ್ಕೇ ಒಂದು ದೋಷವೂ ಇಲ್ಲ.

ಗಿರಾಕಿ: ಗ್ರಂಡಿ ಸಂಬಳ ಪೂರ್ತಿ ನಮ್ಮ ತಲೆಗಾ?

ಕ್ಷೌರಿಕ: ಛೇ ಛೇ! ಒಂದು ಪಾಲು ನಾವೇ ಹಾಕ್ತೀವಿ.

ಗಿರಾಕಿ: ಹಸು ಮಾರಿ ಹಿಂಡಿನೂ ಕಳಿಸ್ತೀರಾ! ಹಾಲು?

ಕ್ಷೌರಿಕ: ನಿಮಗೇ. ಕ್ಲಬ್ಬಿನ ಒಟ್ಟು ಸಂಬಳದ ಮಿತಿ, ಅಂದ್ರೆ ಸ್ಯಾಲರಿ ಕ್ಯಾಪ್‌ನಲ್ಲಿ ಜಾಗ ಆಗಬೇಕಲ್ಲ.

ಗಿರಾಕಿ: ಆ ಜಾಗದಲ್ಲಿ ಏನಿಡ್ತೀರಿ?

ಕ್ಷೌರಿಕ: ಸದ್ಯಕ್ಕೆ ಅವನ ಸಂಬಳದ ಪಾಲು. ಅಲ್ಲಾ, ಚೆಂಡಿಗೆ ಎಗರೋಕೆ ನಿಮ್ಮ ನಾಯಕ ಮ್ಯಾಕ್ಸ್ ಗಾನ್ ಇದ್ದಾನಲ್ಲ?

ಗಿರಾಕಿ: ಇದ್ದಾನೆ, ದೇಶದಲ್ಲೇ ಹೆಸರುವಾಸಿ.

ಕ್ಷೌರಿಕ: ಮತ್ತೆ ಅದೇ ಕೆಲಸಕ್ಕೆ ಗ್ರಂಡಿ ಯಾಕೆ?

ಗಿರಾಕಿ: ಅಗ್ಗಕ್ಕೆ ಸಿಕ್ಕಿದ್ನಲ್ಲ! ಅದಿರಲಿ, ಬೆಲೆ ಕಟ್ಟೋಕಾಗಲ್ಲ ಅಂದ್ರಿ?

ಕ್ಷೌರಿಕ: ಒಂದೇ ಸಲಕ್ಕೆ ಆಗಲ್ಲ ಸ್ವಾಮಿ. 2027ರವರೆಗೆ ಕಂತು.