ಹದಿಮೂರೂವರೆ ಆಣೆಯ ಸನ್ಮಾನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಕುರ್ಚಿ ಸಿಗದೆ ಮುನಿಸಿಕೊಂಡು ಬೇವಿನ ಮರದ ಕೆಳಗೆ ನಿಂತಿರುವ ಗಣ್ಯರೇ, ಭಾಷಣಕ್ಕೆ ಬೆನ್ನು ಹಾಕಿ ಮಿರ್ಚಿ ಬಂಡಿಯ ಕಡೆ ಮುಖ ಮಾಡಿರುವ ಹಲವಾಗಲಿನ ಸಮಸ್ತ ಬಂಧುಗಳೇ,

ಕಾರ್ಯಕ್ರಮ ಹತ್ತೂವರೆಗೆ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು. ಈಗ ಹನ್ನೆರಡೂಕಾಲು. ಸ್ವಾಗತ ಭಾಷಣದವರು ಅರ್ಧ ಗಂಟೆ ಸ್ವಾಗತಿಸಿದರು, ಪ್ರಾಸ್ತಾವಿಕದವರು ಮುಕ್ಕಾಲು ಗಂಟೆ ಪ್ರಸ್ತಾಪಿಸಿದರು. ಎರಡೇ ನಿಮಿಷದಲ್ಲಿ ಅಭಿನಂದಿಸಿ ಇಳಿಯಬೇಕೆಂದು ನಿರೂಪಕರು ನನಗೆ ಚೀಟಿ ಕೊಟ್ಟಿದ್ದಾರೆ. ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದೇನೆ.

ಇಂದು ನಾವು ಸನ್ಮಾನಿಸುತ್ತಿರುವುದು ನಮ್ಮ ಮಾವನವರನ್ನು. ಅವರಿಗೊಂದು ಹೆಸರಿದೆ, ಆದರೆ ಅದು ರೇಷನ್ ಕಾರ್ಡು ಬಿಟ್ಟು ಹೊರಗೆ ಬಂದಿಲ್ಲ. ಊರಿಗೆಲ್ಲ ಅವರು ಮಾವ. ಅವರ ಸಾಧನೆ ಏನು ಎಂದು ಪಕ್ಕದೂರಿನವರು ಕೇಳಿದರೆ ಎದೆ ತಟ್ಟಿ ಹೇಳಿ: ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಈ ಐದೂ ತಾಲ್ಲೂಕಿನ ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡುಗಳಲ್ಲಿ ಸಿಗುವ ಸೊಗದೆ ಬೇರಿನ ಶರಬತ್ತು ಕುಡಿದು, ಯಾರೂ ಕೇಳದಿದ್ದರೂ ಅದಕ್ಕೆ ಬೆಲೆ ಕಟ್ಟಿದವರು ಅವರೊಬ್ಬರೇ.

ಬೆಲೆ ಕಟ್ಟುವುದು ಆಣೆಯ ಲೆಕ್ಕದಲ್ಲಿ. ಹದಿನಾರಾಣೆ ಎಂದರೆ ಪೂರ್ಣ. 1957ರಲ್ಲಿ ಸರ್ಕಾರ ಆಣೆ ಬಿಟ್ಟು ನಯಾ ಪೈಸೆಗೆ ಬಂತು. 2011ರಲ್ಲಿ ನಾಲ್ಕಾಣೆ ಎಂದು ಕರೆಸಿಕೊಳ್ಳುತ್ತಿದ್ದ ಇಪ್ಪತ್ತೈದು ಪೈಸೆಯೂ ಚಲಾವಣೆಯಿಂದ ಹೋಯಿತು. ಮಾವನ ಬಾಯಲ್ಲಿ ಮಾತ್ರ ಆಣೆ ಇನ್ನೂ ಓಡುತ್ತಿದೆ. ನಮ್ಮ ಹರಪನಹಳ್ಳಿ ತಾಲ್ಲೂಕೂ ಸುಮ್ಮನೆ ಕೂತಿದ್ದಲ್ಲ. ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಮಾವ ತಮ್ಮ ಕಟ್ಟೆಯಿಂದ ಎದ್ದೇ ಇಲ್ಲ, ಅವರ ವಿಳಾಸ ಮೂರು ಸಲ ಬದಲಾಯಿತು. ನಾಲಗೆ ಬದಲಾಗಲಿಲ್ಲ.

ಆ ನಾಲಗೆ ಕೆಲಸ ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದರ ದುಡ್ಡನ್ನೂ ನಾನೇ ಕೊಟ್ಟಿದ್ದೇನೆ. ಮೊದಲು ಗ್ಲಾಸನ್ನು ಬಿಸಿಲಿಗೆ ಹಿಡಿಯುತ್ತಾರೆ. ಕಾಮಕಸ್ತೂರಿ ಬೀಜ ಉಬ್ಬಿ ಕಪ್ಪೆಯ ಮೊಟ್ಟೆಯಂತೆ ತೇಲುತ್ತಿರಬೇಕು. ತಳದಲ್ಲಿ ಕರ್ರಗೆ ಕೂತಿದ್ದರೆ, ನೆನೆಹಾಕಿ ಹತ್ತು ನಿಮಿಷ ಆಗಿಲ್ಲವೆಂದು ಎರಡಾಣೆ ಕಟ್. ಆಮೇಲೆ ಮೂಗು. ಆಮೇಲೆ ಒಂದು ಗುಟುಕು, ಅದನ್ನು ನುಂಗದೆ ಕೆನ್ನೆಯಲ್ಲಿ ಆಚೆಯಿಂದ ಈಚೆಗೆ ಆಡಿಸುತ್ತಾರೆ. ಈ ಹೊತ್ತಿಗೆ ಅಂಗಡಿಯವನ ಕೈಯಲ್ಲಿ ನಿಂಬೆಹಣ್ಣು ಅರ್ಧ ಹಿಂಡಿದ್ದು ಹಾಗೇ ನಿಂತಿರುತ್ತದೆ. ನಂತರ ಪಕ್ಕದ ಬಂಡಿಯ ಮಂಡಕ್ಕಿ ಒಗ್ಗರಣೆ, ಅದರ ಮೇಲೊಂದು ಮಿರ್ಚಿ. ಮಿರ್ಚಿಯನ್ನು ತೊಟ್ಟಿನ ತನಕ ಕಚ್ಚಿ, ಕಣ್ಣಲ್ಲಿ ನೀರು ಬರುವವರೆಗೆ ಕಾದು, ಆಗ ಎರಡನೆಯ ಗುಟುಕು. ಖಾರ ಇಳಿಯಿತೇ, ಇಲ್ಲವೇ? ಕೊನೆಗೆ ತೇಗು. ತೇಗು ಬಾರದ ಶರಬತ್ತಿಗೆ ಎಂಟಾಣೆ ದಾಟಿ ಕೊಟ್ಟ ದಾಖಲೆ ಇಲ್ಲ.

ತೀರ್ಪು ಹೇಳುವ ರೀತಿ ಅವರು ಮೈಲಾರದಿಂದ ಕಲಿತದ್ದು. ನಮ್ಮ ಹೊಳೆಯ ಕೆಳದಂಡೆಗೆ ಹೋದರೆ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, ಸದ್ದಲೇ ಎಂದೊಡನೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಕಾರ್ಣಿಕ ಬರುತ್ತದೆ, ಅರ್ಥ ಹಚ್ಚುವುದು ನಮ್ಮ ಪಾಲಿಗೆ. ಮಾವನೂ ಅಷ್ಟೇ. ಹೋದ ಬೇಸಿಗೆ ಒಂದು ಜಾತ್ರೆಯ ಶರಬತ್ತು ಕುಡಿದು, "ಮೂಗಿಗೆ ಮದುವಿ, ಗಂಟಲಿಗೆ ತಿಥಿ" ಎಂದರು. ಅಂಗಡಿಯವ ಇವತ್ತಿಗೂ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಾನೆ.

ಅರ್ಥ ನಾನು ಹೇಳುತ್ತೇನೆ. ಸುಟ್ಟ ಸಕ್ಕರೆಯ ಬಣ್ಣ, ಸೀಸೆಯ ಎಸೆನ್ಸು ಹಾಕಿದ ಶರಬತ್ತು ಮೂಗಿನ ಹತ್ತಿರವೇ ತನ್ನ ಆಟವೆಲ್ಲ ಮುಗಿಸಿಬಿಡುತ್ತದೆ. ಸೊಗದೆ ಬೇರು ಹಾಗಲ್ಲ. ಸುಗಂಧಿ, ನಾಮದ ಬೇರು, ಗಡಿಯಾಚೆ ಆಂಧ್ರದ ಕಡೆ ನನ್ನಾರಿ, ಸಂಸ್ಕೃತದಲ್ಲಿ ಸಾರಿವಾ, ಅನಂತಮೂಲ. ಅಗೆಯುತ್ತಾ ಹೋದರೆ ಕೊನೆಯೇ ಸಿಗದಂತೆ ಕಲ್ಲಿನ ಸಂದಿಯಲ್ಲಿ ಇಳಿದು ಹೋಗುವುದಕ್ಕೇ ಆ ಹೆಸರು. ಪರಿಮಳ ಇರುವುದು ಸಿಪ್ಪೆಯಲ್ಲಿ. ಜಜ್ಜಿ, ನಡುವಿನ ಕಡ್ಡಿ ಕಿತ್ತೆಸೆದು, ನೆನೆಹಾಕಿ, ಸಕ್ಕರೆ ಪಾಕದಲ್ಲಿ ಇಳಿಸಬೇಕು. ಆ ಪರಿಮಳದ ಸಾರ ಐಸ್‌ಕ್ರೀಮಿನ ವೆನಿಲಾ ಸಾರಕ್ಕೆ ದಾಯಾದಿ ಎಂದು ರಸಾಯನಶಾಸ್ತ್ರ ಓದಿದವರು ಹೇಳುತ್ತಾರೆ: ಅವೇ ಪರಮಾಣುಗಳು, ಕೂತಿರುವ ಜಾಗ ಮಾತ್ರ ಬೇರೆ. ನಮ್ಮ ವೇದಿಕೆಯ ಗಣ್ಯರ ಹಾಗೆ. 1864ರ ಬ್ರಿಟಿಷ್ ಔಷಧಕೋಶಕ್ಕೂ ಈ ಬೇರು ಹತ್ತಿತ್ತು. ಗುಡ್ಡದಲ್ಲಿ ಕುರಿ ಕಾಯುವವರು ಮಾತ್ರ ಯಾವ ಕೋಶವನ್ನೂ ಕೇಳದೆ ಕಿತ್ತು ಅಗಿಯುತ್ತಿದ್ದರು.

ಮಾವನವರ ಕೀರ್ತಿ ಸಾಗರ ದಾಟಿದ ಪ್ರಸಂಗಕ್ಕೆ ಈಗ ಬರುತ್ತೇನೆ. (ನಿರೂಪಕರೇ, ಅಂಗಿ ಜಗ್ಗಬೇಡಿ, ಗುಂಡಿ ಮೊದಲೇ ಸಡಿಲ ಇದೆ.) ಅವರ ಅಳಿಯ ಅಮೆರಿಕದಲ್ಲಿದ್ದಾನೆ. ಒಂದು ಬೆಳಗಿನ ಜಾವ ವಿಡಿಯೊ ಕರೆ ಮಾಡಿ, "ಮಾವ, ಬರ್ಗರ್ ಅಂಗಡ್ಯಾಗ ಅದೀನಿ, ನಾಲ್ಕು ಥರದ ರೂಟ್ ಬಿಯರ್ ತಗೊಂಡೀನಿ, ಒಂದೊಂದಕ್ಕೂ ಮಾರ್ಕ್ಸ್ ಹಾಕಾಕತ್ತೀನಿ" ಎಂದ. ಮಾವನ ಮುಖ ಕಪ್ಪಿಟ್ಟಿತು. "ನಾಲ್ಕು ಬಿಯರಾ? ನಿಮ್ಮಪ್ಪಗ ಗೊತ್ತೈತೇನಲೇ?" ಅದು ಅಮಲಿನದಲ್ಲ, ಬೇರಿನ ಬಿಯರು ಎಂದು ಒಪ್ಪಿಸಲು ಕಾಲು ಗಂಟೆ ಹಿಡಿಯಿತು. ಫಿಲಡೆಲ್ಫಿಯಾದ ಔಷಧ ವ್ಯಾಪಾರಿ ಚಾರ್ಲ್ಸ್ ಹೈರ್ಸ್ 1876ರ ದೊಡ್ಡ ವಸ್ತುಪ್ರದರ್ಶನದಲ್ಲಿ ಇದನ್ನು ಜನರಿಗೆ ಕುಡಿಸಿದ. ಬೇರಿನ ಚಹಾ ಎಂದರೆ ಕಲ್ಲಿದ್ದಲು ಗಣಿಯ ಗಂಡಸರು ಮುಟ್ಟುವುದಿಲ್ಲವೆಂದು ಬಿಯರ್ ಎಂದು ಹೆಸರಿಟ್ಟ ಎಂಬ ಕತೆಯೂ ಉಂಟು. 1919ರಲ್ಲಿ ಕ್ಯಾಲಿಫೋರ್ನಿಯಾದ ಲೋಡಿ ಊರಲ್ಲಿ ರಾಯ್ ಅಲೆನ್ ಎಂಬವನು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಮೆರವಣಿಗೆಯ ದಿನ ಐದು ಸೆಂಟಿಗೆ ಒಂದು ಮಗ್ ಮಾರಿದ. ಮುಂದೆ ಎ ಅಂಡ್ ಡಬ್ಲ್ಯೂ ಎಂಬ ಬರ್ಗರ್ ಅಂಗಡಿಗಳ ಸಾಲು ಬೆಳೆದದ್ದು ಆ ಮಗ್ಗಿನಿಂದ.

"ರುಚಿ ಹೆಂಗೈತಿ ಹೇಳಲೇ" ಎಂದರು ಮಾವ. "ಸೊಂಟನೋವಿಗೆ ಹಚ್ಚೋ ಮುಲಾಮು ಕುಡದಂಗ ಐತಿ ಮಾವ, ಆದ್ರ ಸಿಹಿ ಐತಿ." ಹುಡುಗ ಸುಳ್ಳು ಹೇಳಲಿಲ್ಲ. ಆ ಪಾನೀಯಕ್ಕೆ ಹಾಕುವ ವಿಂಟರ್‌ಗ್ರೀನ್ ಪರಿಮಳವೂ ಮುಲಾಮಿನ ಪರಿಮಳವೂ ಒಂದೇ. "ಬೇರು ಯಾವುದು?" ಎಂಬುದು ಮಾವನ ಮುಂದಿನ ಪ್ರಶ್ನೆ. ಹಿಂದೆ ಸಾಸಾಫ್ರಾಸ್ ಎಂಬ ಮರದ ಬೇರು. ಅದರ ಎಣ್ಣೆಯಲ್ಲಿರುವ ಸಾಫ್ರೋಲ್ ಇಲಿಗಳಿಗೆ ಅರ್ಬುದ ತರುತ್ತದೆಂದು 1960ರಲ್ಲಿ ಅಲ್ಲಿನ ಸರ್ಕಾರ ತಡೆ ಹಾಕಿತು. ಆಮೇಲಿಂದ ಬಹುಪಾಲು ಕೃತಕ ಪರಿಮಳವೇ.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಿಯರ್ ಅಂತಾರ, ಅಮಲಿಲ್ಲ. ಬೇರು ಅಂತಾರ, ಬೇರಿಲ್ಲ. ಉಳದಿದ್ದೇನಲೇ, ಗ್ಲಾಸಾ?" ಎಂದರು. ಆದರೂ ನ್ಯಾಯ ಬಿಡಲಿಲ್ಲ. ತೇಗು ಬಂತೇ ಎಂದು ಕೇಳಿದರು. ಹುಡುಗ ಫೋನಿನೊಳಗೇ ತೇಗಿದ. ಏಳು ಸಮುದ್ರದಾಚೆಯ ಆ ತೇಗನ್ನು ಕಣ್ಣುಮುಚ್ಚಿ ಕೇಳಿ ಏಳಾಣೆ ಘೋಷಿಸಿದರು, ನಾಲ್ಕಕ್ಕೂ ಸೇರಿ.

ಮಾವ ಹದಿನಾರಾಣೆ ಯಾರಿಗೂ ಕೊಟ್ಟಿಲ್ಲ. ಈವರೆಗಿನ ದೊಡ್ಡ ಅಂಕ ಹದಿಮೂರೂವರೆ, ಅದೂ ನಮ್ಮ ಬಸ್‌ಸ್ಟ್ಯಾಂಡಿನ ಬಂಡಿಗೆ. ಉಳಿದ ಎರಡೂವರೆ ಎಲ್ಲಿ ಹೋಯಿತೆಂದು ಬಂಡಿಯವನು ಹದಿನೈದು ದಿನ ಅನ್ನ ಬಿಟ್ಟವನಂತೆ ಓಡಾಡಿದ. ಒಂದು ಸಂಜೆ ನಾನೇ ಕೇಳಿದೆ. "ನಮ್ಮವ್ವ ಮಾಡತಿದ್ಲು. ಬೆಲ್ಲ ಹಾಕಿ, ಹೊಳಿ ನೀರಾಗ, ಮಣ್ಣಿನ ಗಡಿಗ್ಯಾಗ. ಸೋಡಾ ಇರಲಿಲ್ಲ, ಬರ್ಫ ಇರಲಿಲ್ಲ" ಎಂದರು. ಹಾಗಾದರೆ ತೇಗು ಎಲ್ಲಿಂದ ಬರುತ್ತಿತ್ತು ಎಂದೆ. "ತೇಗು ಬರೋವಷ್ಟು ಕೊಡತಿರಲಿಲ್ಲ. ಆರು ಮಂದಿ ಮಕ್ಕಳು."

ಇರಲಿ. ಅಧ್ಯಕ್ಷರ ಅಪ್ಪಣೆಯಂತೆ ಈಗ ಹಡಗಲಿ ಮಲ್ಲಿಗೆಯ ಹಾರ, ಪೇಟ, ಶಾಲು, ಫಲತಾಂಬೂಲಗಳೊಂದಿಗೆ ಮಾವನವರಿಗೆ 'ಬೇರುಭೂಷಣ' ಬಿರುದನ್ನು ಅರ್ಪಿಸುತ್ತಿದ್ದೇವೆ. ಶಾಲು ಹೊದಿಸುವವರು ಬೇಗ ಹೊದಿಸಿ. ಮಾವನ ಮುಂದೆ ಗೋಲಿ ಒತ್ತಿದ ಸೋಡಾ ಇದೆ, ಗ್ಯಾಸು ನಿಮ್ಮ ಫೋಟೊಕ್ಕೆ ಕಾಯುವುದಿಲ್ಲ. ಅವರಾಗಲೇ ಗ್ಲಾಸನ್ನು ಬಿಸಿಲಿಗೆ ಹಿಡಿದಾಯಿತು.

ವಂದನಾರ್ಪಣೆಗೆ ಮುಂಚೆ ಒಂದು ಪ್ರಕಟಣೆ. ಸಭಿಕರಿಗೆಲ್ಲ ಹಂಚಿರುವ ಗೋಲಿ ಸೋಡಾ ಬಾಟಲಿಗಳು 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ಮಾದರಿಯವು. ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಬಾಯಿ ಮುಚ್ಚುತ್ತದೆ, ಬೇರೆ ಬಿರಡೆ ಬೇಡ. ಈ ವಿದ್ಯೆ ನಮ್ಮ ಸಭೆಗಳಿಗೆ ಇನ್ನೂ ಬಂದಿಲ್ಲ. ಬಾಟಲಿಗಳನ್ನು ದಯವಿಟ್ಟು ಕ್ರೇಟಿಗೆ ಮರಳಿಸಿ. ಗೋಲಿ ಬೇಕೆಂದು ಗುಡಿಯ ಹಿಂದೆ ಕಲ್ಲಿಗೆ ಕುಕ್ಕುತ್ತಿರುವ ಹುಡುಗರು ಯಾರ್ಯಾರೆಂದು ಬಂಡಿಯವನಿಗೆ ಗೊತ್ತಿದೆ, ಅವರ ಅಪ್ಪಂದಿರ ಲೆಕ್ಕದಲ್ಲಿ ಆಗಲೇ ಬರೆದುಕೊಂಡಿದ್ದಾನೆ.