ಯೊಸೆಮಿಟಿಗೆ ಒಂದು ಸ್ಪ್ರೆಡ್‌ಶೀಟ್

ಮಕ್ಕಳ ಮನೆಗೆಂದು ಬರುವ ಅಪ್ಪ-ಅಮ್ಮಂದಿರನ್ನು ಅಮೆರಿಕ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಗೊಡುತ್ತದೆ. ಅದೇ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ರಾತ್ರಿ ಡೇರೆ ಹಾಕಿ ಮಲಗಬೇಕಾದರೆ ನಾಲ್ಕೈದು ತಿಂಗಳು ಮುಂಚೆಯೇ ಜಾಗ ಕಾದಿರಿಸಬೇಕು. ಈ ಎರಡು ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ವಿಮಾನ ಇಳಿದವರು ಸೋಫಾದ ಮೇಲೆ ತೂಕಡಿಸುತ್ತಿರುವಾಗಲೇ ಮೇ ತಿಂಗಳ ಪ್ರವಾಸದ ಮಾತು ಶುರುವಾಗಬೇಕು. ನಮ್ಮಲ್ಲೂ ಶುರುವಾಯಿತು. ಮಗ ಸ್ಪ್ರೆಡ್‌ಶೀಟ್ ತೆರೆದ.

ನಾನು ಕಾರ್ಗಲ್, ಲಿಂಗನಮಕ್ಕಿ ಕಡೆ ವಿದ್ಯುತ್ ಕೆಲಸದಲ್ಲಿ ಕೂದಲು ನರೆಸಿಕೊಂಡು ನಿವೃತ್ತನಾದವನು. ಅಲ್ಲಿ ನಮಗೆ ಪ್ರವಾಸವೆಂದರೆ, ಮನೆಗೆ ಬಂದ ನೆಂಟರನ್ನು ಜೋಗಕ್ಕೆ ಕರೆದೊಯ್ದು ರಾಜಾ, ರಾಣಿ, ರೋರರ್, ರಾಕೆಟ್ ಎಂದು ಬೆರಳು ತೋರಿಸುವುದು. ಮಂಜು ಮುಚ್ಚಿದ್ದರೆ ‘ಅಲ್ಲೇ ಎಲ್ಲೋ ಇದೆ, ಸದ್ದು ಕೇಳಿ’ ಎಂದು ಹೇಳಿ, ಮಂಡಕ್ಕಿ ಕೊಡಿಸಿ ವಾಪಸು ಕರೆತರುವುದು. ಮಗನ ಕಡತದಲ್ಲಿ ಮಾತ್ರ ರಸ್ತೆಗೊಂದು ಪುಟ, ಹಿಮಕ್ಕೊಂದು ಪುಟ, ಡೇರೆ, ಊಟ, ಕರಡಿ, ಬ್ಯಾಕಪ್, ಬ್ಯಾಕಪ್ಪಿಗೊಂದು ಬ್ಯಾಕಪ್. ನನ್ನ ಮತ್ತು ನನ್ನ ಹೆಂಡತಿಯ ಮಂಡಿನೋವು ‘ರಿಸ್ಕ್’ ಎಂಬ ಪುಟದಲ್ಲಿ ಹಳದಿ ಬಣ್ಣ ಬಳಿಸಿಕೊಂಡು ಕೂತಿತ್ತು.

ತಕರಾರು ಇದ್ದದ್ದು ವಸಂತ ಋತುವಿನದು. ಪಂಚಾಂಗದಲ್ಲಿ ಚೈತ್ರ ಬಂತೆಂದರೆ ವಸಂತ ಬಂತು, ಯಾರನ್ನೂ ಕೇಳಬೇಕಾಗಿಲ್ಲ. ಅಮೆರಿಕದ ಕ್ಯಾಲೆಂಡರಿನಲ್ಲೂ ಮಾರ್ಚ್ 20ರ ಹೊತ್ತಿಗೆ ಅದು ಹಾಜರಾಗುತ್ತದೆ. ಯೊಸೆಮಿಟಿಯಲ್ಲಿ ಮಾತ್ರ ವಸಂತ ಬೆಟ್ಟ ಹತ್ತಿಕೊಂಡು, ಉಸಿರು ಬಿಡುತ್ತ, ನಿಂತು ನಿಂತು ಬರುತ್ತದೆ. 4,000 ಅಡಿ ಎತ್ತರದ ಕಣಿವೆಯಲ್ಲಿ ಏಪ್ರಿಲ್ ಕೊನೆಗೆ ಡಾಗ್‌ವುಡ್ ಮರಗಳು ಬೆಳ್ಳಗೆ ಅರಳಿ ನಿಂತಿದ್ದರೆ, ಅದೇ ಉದ್ಯಾನದ 8,600 ಅಡಿ ಮೇಲಿನ ಟುವಾಲಮಿ ಹುಲ್ಲುಗಾವಲು ಇನ್ನೂ ಹಿಮ ಹೊದ್ದು ಮಲಗಿರುತ್ತದೆ. ಉದ್ಯಾನವನ್ನು ಅಡ್ಡ ಹಾಯುವ ಟಯೋಗಾ ರಸ್ತೆ 9,943 ಅಡಿಯವರೆಗೆ ಏರುತ್ತದೆ. ನವೆಂಬರಿನಲ್ಲಿ ಮುಚ್ಚಿತೆಂದರೆ ಮತ್ತೆ ತೆರೆಯುವುದು ಮೇ ಕೊನೆಗೋ ಜೂನಿಗೋ. 2023ರಲ್ಲಿ ಬಿದ್ದ ಹಿಮಕ್ಕೆ ಅದು ತೆರೆದದ್ದು ಜುಲೈ 22ರಂದು. ಯಾವತ್ತು ತೆರೆಯುತ್ತೀರಿ ಎಂದರೆ ಉದ್ಯಾನದವರು ಮುಂಗಡ ತಾರೀಕು ಕೊಡುವುದಿಲ್ಲ. ಹಿಮ ತೆಗೆಯುವ ಯಂತ್ರ ಆ ತುದಿ ಮುಟ್ಟಬೇಕು, ರಸ್ತೆ ಸರಿಯಿದೆಯೋ ನೋಡಬೇಕು, ಆಮೇಲೆ.

ಮಗನಿಗೆ ಇದು ಸಹಿಸಲಾಗದ ಉತ್ತರ. ಅವನ ಆಫೀಸಿನಲ್ಲಿ ಬರುವ ವರ್ಷ ಯಾವ ತಿಂಗಳು ಯಾವ ಸಾಫ್ಟ್‌ವೇರ್ ಹೊರಬರುತ್ತದೆಂದು ಈಗಲೇ ಬರೆದಿಡುತ್ತಾರಂತೆ. ‘ಬರೆದ ತಿಂಗಳಿಗೆ ಬರುತ್ತದೋ?’ ಎಂದು ಕೇಳಿದೆ. ಅವನು ಕೇಳಿಸದವನಂತೆ ಟಯೋಗಾ ಎಂಬ ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದ.

ಡೇರೆಯ ಜಾಗಕ್ಕೆ ಮಾತ್ರ ತಾರೀಕು, ಗಂಟೆ, ನಿಮಿಷ ಎಲ್ಲವೂ ಖಚಿತ. ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ಜಾಗ ಜನವರಿ 15ರ ಬೆಳಿಗ್ಗೆ 7 ಗಂಟೆಗೆ ಬುಕಿಂಗಿಗೆ ಬರುತ್ತದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಇನ್ನೂ ಹಲ್ಲಿನ ಸಂದಿಯಲ್ಲಿರುವಾಗಲೇ ಮಗ, ಸೊಸೆ, ಮಗನ ಇಬ್ಬರು ಸ್ನೇಹಿತರು, ಅವರ ಹೆಂಡತಿಯರು ತಮ್ಮ ತಮ್ಮ ಲ್ಯಾಪ್‌ಟಾಪಿನ ಮುಂದೆ ಕಾದು ಕೂತರು. ಏಳು ಹೊಡೆಯುವ ಮುಂಚೆ ಯಾರೂ ಉಸಿರೆತ್ತಲಿಲ್ಲ. ಏಳು ಹೊಡೆದು ನಾನು ಕಾಫಿ ಲೋಟ ಕೆಳಗಿಡುವುದರೊಳಗೆ ಎಲ್ಲ ಮುಗಿದಿತ್ತು. ಇಷ್ಟು ಜನರ ಪೈಕಿ ಒಬ್ಬ ಸ್ನೇಹಿತನ ಹೆಂಡತಿಗೆ ಒಂದೇ ಒಂದು ಜಾಗ ಸಿಕ್ಕಿತು. ಒಂದು ಜಾಗಕ್ಕೆ ಆರು ಜನರ ಮಿತಿ. ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ. ಮೂರು ಸಂಸಾರಗಳ ಸ್ನೇಹ ಅವತ್ತು ಮಧ್ಯಾಹ್ನದ ತನಕ ಬಹಳ ನಯವಾದ ಇಂಗ್ಲಿಷಿನಲ್ಲಿ ಓಡಾಡಿತು. ಆಮೇಲೆ ಯಾರೋ ಕ್ಯಾನ್ಸಲ್ ಮಾಡಿದ ಜಾಗಗಳು ಒಂದೊಂದಾಗಿ ಸಿಕ್ಕಿ ಎಲ್ಲರೂ ಮತ್ತೆ ಕನ್ನಡಕ್ಕೆ ಇಳಿದರು.

ಸೊಸೆ ಮಾರ್ಚಿನಲ್ಲಿ ಹಾಫ್ ಡೋಮ್ ಬಂಡೆಯ ನೆತ್ತಿಗೆ ಹತ್ತುವ ಲಾಟರಿಗೂ ಹೆಸರು ಕೊಟ್ಟಳು. 8,839 ಅಡಿಯ ಬೋಳು ಕಲ್ಲು. ಕೊನೆಯ 400 ಅಡಿ ಉಕ್ಕಿನ ಹಗ್ಗ ಹಿಡಿದು ಹತ್ತಬೇಕು. ಲಾಟರಿ ಹೊಡೆಯಲಿಲ್ಲ. ಮನೆದೇವರಿಗೆ ಹರಕೆ ಹೊತ್ತದ್ದು ನನ್ನ ಹೆಂಡತಿಯೋ ನಾನೋ ಎಂಬ ಚರ್ಚೆ ಬೇಡ.

ನನಗೋ ಆ ಹಿಮದ ಪುಟ ಹಿಡಿಸಿಬಿಟ್ಟಿತು. ಆ ಬೆಟ್ಟಸಾಲಿನ ಹೆಸರು ಸಿಯೆರಾ ನೆವಾಡ. ಅಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮವೇ ಬೇಸಿಗೆಯ ನೀರು, ಬೆಟ್ಟವೇ ಜಲಾಶಯ. ಏಪ್ರಿಲ್ 1ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಜಲ ಇಲಾಖೆಯವರು ಉದ್ದನೆಯ ಕೊಳವೆಯೊಂದನ್ನು ಹಿಮಕ್ಕೆ ಚುಚ್ಚಿ, ಮೇಲೆತ್ತಿ, ತೂಗಿ, ಒಳಗೆ ಎಷ್ಟು ನೀರಿದೆ ಎಂದು ಲೆಕ್ಕ ಹಾಕುತ್ತಾರೆ. 2015ರಲ್ಲಿ ಅದು ವಾಡಿಕೆಯ ಶೇ. 5ಕ್ಕೆ ಇಳಿದಿತ್ತು, ಅಳೆಯಲು ಹೋದ ಜಾಗದಲ್ಲಿ ಹಿಮವೇ ಇರದೆ ರಾಜ್ಯದ ಗವರ್ನರ್ ಒಣಹುಲ್ಲಿನ ಮೇಲೆ ನಿಂತು ಮಾತಾಡಿದ್ದರು. ಲಿಂಗನಮಕ್ಕಿ 1,819 ಅಡಿ ಮುಟ್ಟುತ್ತದೋ ಇಲ್ಲವೋ ಎಂದು ಆಗಸ್ಟ್ ತಿಂಗಳಿಡೀ ಪೇಪರು ಬಿಡಿಸುತ್ತಿದ್ದವನಿಗೆ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಎಲ್ಲಿ ಸಿಗಬೇಕು? ದಿನಾ ಬೆಳಿಗ್ಗೆ ಎದ್ದು ಹಿಮದ ಮಟ್ಟ ನೋಡಿ ಮನೆಯವರಿಗೆ ವರದಿ ಒಪ್ಪಿಸತೊಡಗಿದೆ. ಯಾರೂ ಕೇಳಿರಲಿಲ್ಲ.

ಹೀಗೆ ನೋಡುತ್ತಿರುವಾಗ ಜಲಪಾತದ ಗುಟ್ಟೂ ತಿಳಿಯಿತು. ನಮ್ಮ ಜೋಗ ತುಂಬಬೇಕಾದರೆ ಮಳೆ ಹೊಯ್ಯಬೇಕು. ಯೊಸೆಮಿಟಿ ಜಲಪಾತ ತುಂಬಬೇಕಾದರೆ ಬಿಸಿಲು ಕಾಯಬೇಕು. ಮೋಡವಿಲ್ಲದ ಮೇ ತಿಂಗಳಲ್ಲಿ ಅದು ಭೋರ್ಗರೆಯುತ್ತದೆ. ಆಗಸ್ಟಿನಲ್ಲಿ, ನಮ್ಮ ಜೋಗ ಮೈದುಂಬುವ ಹೊತ್ತಿಗೆ, ಎಷ್ಟೋ ವರ್ಷ ಅದು ಬತ್ತಿ ಕಲ್ಲು ಕಾಣುತ್ತಿರುತ್ತದೆ. ಎತ್ತರ 2,425 ಅಡಿ ಎಂದು ಮಗ ಓದಿದ. ಜೋಗದ್ದು 830. ನನ್ನ ಮೈಯಲ್ಲಿ ಹರಿಯುವುದು ಶರಾವತಿ, ಸುಮ್ಮನಿರಲಾದೀತೆ? ‘ಅದು ಮೂರು ಕಂತಿನಲ್ಲಿ ಬೀಳುವುದು ಕಣೋ, ಕಂತುಗಳನ್ನು ಕೂಡಿಸಿ ಎತ್ತರ ಹೇಳುತ್ತಾರೆ. ನಮ್ಮದು ಒಂದೇ ನೆಗೆತ’ ಎಂದೆ. ಮೊದಲ ಕಂತೇ 1,430 ಅಡಿ ಎಂದು ಅವನು ತೋರಿಸಿದ. ನಾನು ಹಿಮದ ಪುಟಕ್ಕೆ ಮರಳಿದೆ.

ಮಗ ವಾಸವಿರುವ ಊರು ರೆಡ್‌ವುಡ್ ಸಿಟಿ. ಅಲ್ಲಿನ ಪೇಟೆಬೀದಿಗೆ ಅಡ್ಡಲಾಗಿ ಒಂದು ಕಮಾನು ಇದೆ. ಸರ್ಕಾರಿ ಪರೀಕ್ಷೆಯ ಪ್ರಕಾರ ಈ ಊರಿನ ಹವೆ ಅತ್ಯುತ್ತಮ ಎಂದು ಅದರ ಮೇಲೆ ಬರೆದುಕೊಂಡಿದ್ದಾರೆ. ಸುಳ್ಳಲ್ಲ, ಹವೆ ಹಾಗೇ ಇದೆ. ಆ ಹವೆಯಲ್ಲಿ, ನೆತ್ತಿಯ ಮೇಲೆ ಹದವಾದ ಬಿಸಿಲಿರುವಾಗ, ಮಗ ಮನೆ ಮುಂದೆ ಮೊಣಕಾಲೂರಿ ಕಾರಿನ ಚಕ್ರಕ್ಕೆ ಹಿಮದ ಸರಪಳಿ ತೊಡಿಸುವ ಅಭ್ಯಾಸ ಮಾಡುತ್ತಿದ್ದ. ಹಿಮ ಬಿದ್ದು ಸರಪಳಿಯ ಬೋರ್ಡು ನೆಟ್ಟರೆ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಾದರೂ ಸರಪಳಿ ಇಟ್ಟುಕೊಂಡಿರಲೇಬೇಕು. ಅವನು ವಿಡಿಯೋ ನಿಲ್ಲಿಸಿ, ಕೊಂಡಿ ಎಳೆದು, ಮತ್ತೆ ವಿಡಿಯೋ ಓಡಿಸಿ, ಕೊಂಡಿ ಬಿಚ್ಚಿ, ಒಳಗಿನ ಕೊಕ್ಕೆ ಹೊರಗೆ ಬಂತಲ್ಲ ಎಂದು ಬೆವರೊರೆಸಿಕೊಳ್ಳುತ್ತಿದ್ದರೆ, ಪಕ್ಕದ ಮನೆಯ ಮುದುಕ ಚಡ್ಡಿ ಹಾಕಿಕೊಂಡು ಗುಲಾಬಿಗೆ ನೀರು ಬಿಡುತ್ತ ನೋಡುತ್ತಿದ್ದ. ‘ಯೊಸೆಮಿಟಿ?’ ಎಂದು ಕೇಳಿದ. ಹೌದು ಎಂದೆ. ಎಲ್ಲ ಅರ್ಥವಾದವನಂತೆ ತಲೆದೂಗಿದ.

‘ಮೇ ತಿಂಗಳಲ್ಲಿ ಎಂಥ ಹಿಮ, ಸ್ವೆಟರ್ ಯಾಕೆ?’ ಎಂದು ಇವಳು ವಾದಿಸಿದಾಗ ಮಗ ಥಿಯೋಡೋರ್ ರೂಸ್‌ವೆಲ್ಟರನ್ನು ಸಾಕ್ಷಿಗೆ ಕರೆದ. 1903ರ ಮೇ ತಿಂಗಳಲ್ಲಿ ಈ ಅಧ್ಯಕ್ಷರು ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಜೊತೆ ಯೊಸೆಮಿಟಿಯಲ್ಲಿ ಮೂರು ರಾತ್ರಿ ಬಯಲಲ್ಲಿ ಮಲಗಿದ್ದರು. ಗ್ಲೇಶಿಯರ್ ಪಾಯಿಂಟ್ ಹತ್ತಿರ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊದ್ದ ಕಂಬಳಿಯ ಮೇಲೆಲ್ಲ ಹಿಮ. ಅಧ್ಯಕ್ಷರಿಗೆ ಅದೇ ಖುಷಿ. ಕೆಳಗೆ ಕಣಿವೆಯಲ್ಲಿ ಅವರಿಗಾಗಿ ಸಜ್ಜು ಮಾಡಿದ್ದ ಔತಣವನ್ನೂ ತಪ್ಪಿಸಿಕೊಂಡು ಕಾಡಿನಲ್ಲೇ ಉಳಿದರು. ಬೆಳಗಿನ ಏಳು ಗಂಟೆಯ ಬುಕಿಂಗ್ ಇಲ್ಲ, ಸರಪಳಿ ಇಲ್ಲ. ‘ಔತಣ ಬಿಟ್ಟು ಹಿಮದಲ್ಲಿ ಮಲಗಿದನಾ? ಊಟಕ್ಕೆ ಎಂತ ಮಾಡಿದ?’ ಎಂದು ಇವಳು ಕೇಳಿದಳು. ಸ್ವೆಟರಿನ ಮಾತು ಅಲ್ಲಿಗೇ ನಿಂತು ಊಟದ ಪುಟ ತೆರೆಯಿತು.

ಊಟದ ಪುಟ ತೆರೆದರೆ ಕರಡಿಯ ಪುಟವೂ ತೆರೆಯುತ್ತದೆ. ವಸಂತವೆಂದರೆ ಅಲ್ಲಿನ ಕರಡಿಗಳು ಚಳಿಗಾಲದ ನಿದ್ದೆ ಮುಗಿಸಿ ಹಸಿದು ಏಳುವ ಕಾಲ. ಹೆಸರು ಕಪ್ಪು ಕರಡಿ, ಆದರೆ ಯೊಸೆಮಿಟಿಯಲ್ಲಿ ಬಹಳಷ್ಟರ ಬಣ್ಣ ಕಂದು. ರಾಜ್ಯದ ಬಾವುಟದಲ್ಲಿರುವುದು ಬೇರೆ ಜಾತಿ, ಗ್ರಿಜ್ಲಿ. ಅದು ಈಗ ಬಾವುಟ ಬಿಟ್ಟರೆ ಕ್ಯಾಲಿಫೋರ್ನಿಯಾದ ಕಾಡಿನಲ್ಲಿ ಎಲ್ಲೂ ಇಲ್ಲ. ಈ ಕಂದು ಬಣ್ಣದ ಕಪ್ಪು ಕರಡಿಗಳು 1998ರ ಒಂದೇ ವರ್ಷದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಸಲ ಕಾರು, ಡೇರೆ, ಬುತ್ತಿಗಳ ಮೇಲೆ ಕೈಮಾಡಿದ್ದವು. ಕಾರಿನ ಬಾಗಿಲನ್ನು ಮೇಲಿನ ಅಂಚಿನಿಂದ ಹಿಡಿದು ಮಡಚಿ ಇಳಿಸುತ್ತವಂತೆ. ಹಾಗಾಗಿ ಡೇರೆಯ ಜಾಗದಲ್ಲೆಲ್ಲ ಕಬ್ಬಿಣದ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ವಾಸನೆಯಿರುವ ಸಕಲವೂ ಅದರೊಳಗೆ ಹೋಗಬೇಕು: ಊಟ ಮಾತ್ರವಲ್ಲ, ಸೋಪು, ಟೂತ್‌ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು ಕೂಡ.

ಇವಳ ಚೀಲವನ್ನು ಬಲ್ಲವರಿಗೆ ಮುಂದಿನದು ಊಹೆಗೆ ಬಿಟ್ಟದ್ದು. ಮಗ ನಿಯಮ ಓದುತ್ತ ಹೋದ, ಇವಳು ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಡುತ್ತ ಹೋದಳು. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಅಪ್ಪೆಮಿಡಿ ಉಪ್ಪಿನಕಾಯಿ, ಇಂಗಿನ ಡಬ್ಬಿ, ಅದರ ಮೇಲೆ ಸುತ್ತಿದ ಎರಡು ಪ್ಲಾಸ್ಟಿಕ್ ಕವರು (ಇಂಗಿಗೆ ಅದ್ಯಾವ ಲೆಕ್ಕ?), ತಲೆಗೆ ಕೊಬ್ಬರಿ ಎಣ್ಣೆ, ಮಂಡಿಗೆ ಮಹಾನಾರಾಯಣ ತೈಲ, ಹಣೆಗೆ ಅಮೃತಾಂಜನ, ಊದಿನಕಡ್ಡಿ. ಕೊನೆಗೆ ಚೀಲದಲ್ಲಿ ಉಳಿದದ್ದು ಓದುವ ಕನ್ನಡಕ ಒಂದೇ. ‘ಅಮ್ಮಾ, ಕೈಗೆ ತೈಲ ಹಚ್ಚಿಕೊಂಡು ಮಲಗಬೇಡ’ ಎಂದ ಮಗ. ಬಳ್ಳಾರಿ ಕಡೆಯ ದರೋಜಿ ಕರಡಿಧಾಮದಲ್ಲಿ ಜನ ನೋಡಲೆಂದು ಬಂಡೆಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಊಟಕ್ಕೆ ಕರೆಯುತ್ತಿದ್ದರು. ಅಲ್ಲಿ ಬಡಿಸಿದ ದೇಶದಿಂದ ಬಂದವರು ಇಲ್ಲಿ ಟೂತ್‌ಪೇಸ್ಟ್ ಬಚ್ಚಿಡಬೇಕು!

ಇವಳ ಪಂಚಾಂಗಕ್ಕೂ ಒಮ್ಮೆ ಮರ್ಯಾದೆ ಸಿಕ್ಕಿತು. ವಸಂತದ ಹುಣ್ಣಿಮೆಗಳಲ್ಲಿ, ಆಕಾಶ ತಿಳಿಯಾಗಿದ್ದು ನೀರು ತುಂಬಿದ್ದರೆ, ಯೊಸೆಮಿಟಿ ಜಲಪಾತದ ಬುಡದ ತುಂತುರಿನಲ್ಲಿ ಬೆಳದಿಂಗಳಿಗೇ ಕಾಮನಬಿಲ್ಲು ಕಟ್ಟುತ್ತದೆ. ಮಗ ಫೋನಿನಲ್ಲಿ ಯಾವುದೋ ಆ್ಯಪ್ ಹುಡುಕುತ್ತಿದ್ದಂತೆ ಇವಳು ಊರಿಂದ ತಂದ ಒಂಟಿಕೊಪ್ಪಲ್ ಪಂಚಾಂಗ ತಿರುವಿ, ನಾವು ಕಾದಿರಿಸಿದ ರಾತ್ರಿಗಳಲ್ಲಿ ಒಂದು ಹುಣ್ಣಿಮೆಗೆ ತಾಗಿಕೊಂಡಿದೆ ಎಂದು ಘೋಷಿಸಿದಳು. ಮಗ ಅದನ್ನು ಹಸಿರು ಬಣ್ಣದಲ್ಲಿ ತುಂಬಿದ. ಇಡೀ ಕಡತದಲ್ಲಿ ಸಂಶಯವಿಲ್ಲದೆ ಹಸಿರಾದದ್ದು ಆ ಚೌಕ ಒಂದೇ.

ಇಷ್ಟರ ನಡುವೆ ಒಂದು ದಿನ ಮಗ ನಮ್ಮನ್ನು ಊರಾಚೆಯ ಪಲ್ಗಾಸ್ ವಾಟರ್ ಟೆಂಪಲ್‌ಗೆ ಕರೆದೊಯ್ದ. ಟೆಂಪಲ್ ಎಂದದ್ದೇ ಇವಳು ಸೀರೆ ಉಟ್ಟಳು, ಹೂ ಹಿಡಿದಳು. ಹೋಗಿ ನೋಡಿದರೆ ದೇವರಿಲ್ಲ. ಹುಲ್ಲು ಹಾಸಿನ ತುದಿಯಲ್ಲಿ ದುಂಡಗೆ ನಿಲ್ಲಿಸಿದ ಗ್ರೀಕ್ ಮಾದರಿಯ ಕಂಬಗಳು, ನಡುವೆ ಬಾವಿಯಂಥ ಕುಳಿ. ಅಲ್ಲಿಯ ಫಲಕ ಓದಿ ನನಗೆ ಹುಚ್ಚೇ ಹಿಡಿಯಿತು. ಯೊಸೆಮಿಟಿ ಉದ್ಯಾನದ ಒಳಗೇ ಇನ್ನೊಂದು ಕಣಿವೆ ಇದೆ, ಹೆಚ್ ಹೆಚಿ. ಟುವಾಲಮಿ ನದಿಗೆ ಅಲ್ಲಿ ಅಣೆಕಟ್ಟು ಕಟ್ಟಿ ಸ್ಯಾನ್ ಫ್ರಾನ್ಸಿಸ್ಕೋಗೆ ನೀರು ಒಯ್ಯಲು 1913ರಲ್ಲಿ ಕಾನೂನು ಆಯಿತು. ಜಾನ್ ಮ್ಯೂರ್ ಕೊನೆವರೆಗೂ ವಿರೋಧಿಸಿ, ಸೋತು, ಮರುವರ್ಷ ತೀರಿಕೊಂಡರು. 1923ಕ್ಕೆ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು. ಶರಾವತಿಯ ದಂಡೆಯಲ್ಲಿ ಬದುಕಿದವನಿಗೆ ಮುಳುಗಡೆಯ ಕತೆ ಯಾರೂ ಬಿಡಿಸಿ ಹೇಳಬೇಕಿಲ್ಲ; ಎರಡೂ ಕಡೆಯ ಮಾತು ನನಗೆ ಗೊತ್ತು, ಮತ್ತು ಸಂಬಳ ತಿಂದದ್ದು ಯಾವ ಕಡೆಯದೆಂದೂ ಗೊತ್ತು. ಆದರೂ ಎಂಜಿನಿಯರನ ಬುದ್ಧಿ ಎಲ್ಲಿ ಹೋದೀತು? ಸುಮಾರು 167 ಮೈಲಿ, ಬೆಟ್ಟ ಕೊರೆದು ಬಯಲು ದಾಟಿ, ಬರೀ ಇಳಿಜಾರನ್ನು ನಂಬಿಕೊಂಡು, ನಡುವೆ ವಿದ್ಯುತ್ತನ್ನೂ ಕೊಟ್ಟು, 1934ರಲ್ಲಿ ಆ ನೀರು ಇಲ್ಲಿಗೆ ತಲುಪಿತು. ಅದರ ನೆನಪಿಗೇ ಈ ಗುಡಿ. ರೆಡ್‌ವುಡ್ ಸಿಟಿಯ ನಲ್ಲಿಗಳಲ್ಲಿ ಬರುವ ನೀರಿನ ಬಹುಪಾಲು ಇದೇ.

‘ಈ ಊರ ನೀರಿಗೆ ಕಾಫಿ ಎಷ್ಟು ಚೆನ್ನಾಗಿ ಇಳಿಯುತ್ತದೆ ಎಂದು ನಾನು ಮೊದಲ ದಿನವೇ ಹೇಳಿದ್ದೆ’ ಎಂದಳು ಇವಳು. ಹೂವನ್ನು ಕುಳಿಯ ಕಟ್ಟೆಯ ಮೇಲಿಟ್ಟು ಕೈಮುಗಿದಳು. ಮಗ ಅತ್ತಿತ್ತ ನೋಡಿದ, ಯಾರೂ ಇರಲಿಲ್ಲ. ಅವತ್ತೇ ರಾತ್ರಿ ಕಡತಕ್ಕೆ ಹೆಚ್ ಹೆಚಿ ಎಂಬ ಹೊಸ ಪುಟ ಸೇರಿತು. ನನ್ನ ಹಟಕ್ಕೆ.

ಈಗ ಹೊರಡುವ ದಿನ ಹತ್ತಿರ ಬಂದಿದೆ. ಟಯೋಗಾ ಇನ್ನೂ ತೆರೆದಿಲ್ಲ. ನಿನ್ನೆ ಸಂಜೆ ಇವಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ದೊಡ್ಡ ದೊಡ್ಡ ಕ್ಯಾನುಗಳಿಗೆ ನೀರು ಹಿಡಿಯುತ್ತ ನಿಂತಿದ್ದಳು. ಎಲ್ಲಿಗೆ ಎಂದು ಕೇಳಿದೆ. ‘ಯೊಸೆಮಿಟಿಗೆ. ಅಲ್ಲಿಯ ನೀರು ಹೆಂಗಿರ್ತದೋ ಏನೋ, ಮಕ್ಕಳಿಗೆ ಗಂಟಲು ಕಟ್ಟಿದರೆ?’ ಎಂದಳು. ನಾನು 167 ಮೈಲಿಯ ಮಾತು ತೆಗೆಯಲು ಬಾಯಿ ತೆರೆಯುವಷ್ಟರಲ್ಲಿ ಮಗ ಒಳಗೆ ಬಂದು ಕ್ಯಾನುಗಳನ್ನು ಎಣಿಸಿ, ಊಟದ ಪುಟದಲ್ಲಿ ಬರೆದುಕೊಂಡು, ಇದಕ್ಕೆ ವಾಸನೆ ಇಲ್ಲ, ಪೆಟ್ಟಿಗೆಯಲ್ಲಿ ಇಡಬೇಕಾಗಿಲ್ಲ ಎಂದು ಸಮಾಧಾನಪಟ್ಟುಕೊಂಡ.