ಒಡ್ಡನ್‌ಛತ್ರಂ ಜಂಕ್ಷನ್

ಒಡ್ಡನ್‌ಛತ್ರಂ ಜಂಕ್ಷನ್ನನ್ನು ರೈಲ್ವೆ ನಕ್ಷೆಯಲ್ಲಿ ಹುಡುಕಬೇಡಿ. ಅಲ್ಲಿರುವುದು ದಿಂಡಿಗಲ್ಲಿಗೂ ಪಳನಿಗೂ ನಡುವಿನ ಒಂದು ಸಾಧಾರಣ ಸ್ಟೇಷನ್. ಜಂಕ್ಷನ್ ಇರುವುದು ನಮ್ಮ ಮನೆಯ ಮಹಡಿಯಲ್ಲಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ಡಿನ ಮೇಲೆ. ಕಂಬಂ ಕಣಿವೆಗೆ ದಿಂಡಿಗಲ್ಲಿನಿಂದ ರೈಲು ಬೇಕೆಂದು ಆ ಕಡೆಯ ಜನ ಎಷ್ಟೋ ಕಾಲದಿಂದ ಕೇಳುತ್ತಲೇ ಇದ್ದಾರೆ. ಸರ್ಕಾರಗಳ ಕೈಲಾಗದ್ದನ್ನು ನಾನು ಒಂದು ಭಾನುವಾರ ಊಟವಾದ ಮೇಲೆ ಹಾಕಿ ಮುಗಿಸಿದೆ, ಅದೂ ಒಡ್ಡನ್‌ಛತ್ರಂನಿಂದಲೇ ಕವಲೊಡೆಸಿ. ನಡುವೆ ಪಳನಿ ಬೆಟ್ಟಸಾಲು ಅಡ್ಡ ಬರುತ್ತದಲ್ಲ ಎಂದು ನೆಂಟರೊಬ್ಬರು ತಕರಾರೆತ್ತಿದರು. ಥರ್ಮಾಕೋಲಿನ ಬೆಟ್ಟ ಕೊರೆಯಲು ಅಡುಗೆಮನೆಯ ಚಾಕು ಧಾರಾಳ ಸಾಕು.

ಬ್ಯಾಂಕಿನ ಕೆಲಸಕ್ಕೆಂದು ಮೈಸೂರು ಕಡೆಯಿಂದ ಒಡ್ಡನ್‌ಛತ್ರಂಗೆ ಬಂದವನು ನಿವೃತ್ತನಾಗಿ ಇಲ್ಲೇ ಉಳಿದೆ. ದಿಂಡಿಗಲ್ ಸೀಮೆಯ ಅನುಪ್ಪರು, ಕಂಬಂ ಕಣಿವೆಯ ಕಾಪಿಲಿಯರು ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುವವರಾದ್ದರಿಂದ ಪರಊರೆಂಬ ಭಾವನೆ ಬರಲಿಲ್ಲ. ಪಿಂಚಣಿ ಬರುತ್ತದೆ, ಹೊತ್ತು ಹೋಗುವುದಿಲ್ಲ. ರೈಲಿನ ಹುಚ್ಚಿಗೆ ಇದಕ್ಕಿಂತ ಹದವಾದ ನೆಲ ಇನ್ನೊಂದಿಲ್ಲ.

ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ನಾನು ಆರಿಸಿಕೊಂಡ 1:87ರ ಅಳತೆಯಲ್ಲಿ ಅದು ಹತ್ತೊಂಬತ್ತು ಚಿಲ್ಲರೆ ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿಯಾದರೋ 16.5, ಯುರೋಪಿನ ಲೆಕ್ಕದ್ದು. ಹೀಗಾಗಿ ಭಾರತೀಯ ರೈಲ್ವೆ ನಮ್ಮ ಮಹಡಿ ಹತ್ತುವಷ್ಟರಲ್ಲಿ ಮೂರು ಮಿಲಿಮೀಟರ್ ಸೊರಗಿದೆ. 1928ರಲ್ಲಿ ಈ ಊರಿಗೆ ಬಂದದ್ದು ಮೀಟರ್‌ಗೇಜ್ ತಾನೆ, ಅದನ್ನೇ ಮಾಡೋಣವೆಂದರೆ ಹನ್ನೆರಡು ಮಿಲಿಮೀಟರ್ ಹಳಿ ತರಬೇಕು. ಅದರ ಮೇಲೆ ಓಡುವ ಸಿದ್ಧ ಎಂಜಿನ್ನುಗಳಲ್ಲಿ ಹೆಚ್ಚಿನವು ಸ್ವಿಟ್ಜರ್ಲೆಂಡಿನವು. ಮುರುಗನ ಬೆಟ್ಟದ ಬುಡದಲ್ಲಿ ಕೆಂಪು ಸ್ವಿಸ್ ಗಾಡಿ ಓಡಿಸುವಷ್ಟು ಎದೆಗಾರಿಕೆ ನನಗಿಲ್ಲ.

ಹಳಿಯ ವಿಷಯ ಇಷ್ಟಕ್ಕೇ ಮುಗಿಯಿತು. ರಗಳೆ ಶುರುವಾದದ್ದು ಗಾಡಿ ಓಡಿಸುವುದು ಹೇಗೆ ಎಂಬಲ್ಲಿ. ವೈರ್‌ಲೆಸ್ ಡಿಜಿಟಲ್ ಕಂಟ್ರೋಲ್ ಹಾಕಿಸುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ನನ್ನಾಕೆ ಹುರುಳಿಕಾಯಿ ಸೋಸುತ್ತಾ, "ಪಳನಿಯಲ್ಲಿ ವಿಂಚು ದಿನಾ ಸಾವಿರಾರು ಜನರನ್ನು ಬೆಟ್ಟಕ್ಕೆ ಹತ್ತಿಸಿ ಇಳಿಸುತ್ತೆ. ಒಂದು ಹಗ್ಗದಲ್ಲಿ! ನಿಮ್ಮ ಆಟದ ಗಾಡಿಗೆ ವೈರ್‌ಲೆಸ್ ಯಾಕ್ರೀ?" ಎಂದಳು. ವಿಂಚಿನ ಹಗ್ಗ ಉಕ್ಕಿನದು ಎಂದೆ. "ಹಾಗಾದರೆ ಇನ್ನೂ ಗಟ್ಟಿ" ಎಂದಳು.

ಡಿಜಿಟಲ್ ಏಕೆಂಬುದನ್ನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಳೆಯ ಪದ್ಧತಿಯಲ್ಲಿ ಹಳಿಯ ವೋಲ್ಟೇಜನ್ನೇ ಏರಿಸಿ ಇಳಿಸಿ ಗಾಡಿ ಓಡಿಸುತ್ತಿದ್ದರು. ಒಂದೇ ಹಳಿಯ ಮೇಲೆ ಎರಡು ಎಂಜಿನ್ ನಿಲ್ಲಿಸಿದರೆ ಎರಡೂ ಹೊರಟುಬಿಡುತ್ತವೆ. ಡಿಸಿಸಿ ಎಂಬ ಹೊಸ ಪದ್ಧತಿಯಲ್ಲಿ ಹಳಿಯ ಮೇಲೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ, ಅದರೊಳಗೇ ಸಂದೇಶಗಳು ಹರಿಯುತ್ತವೆ. ಸಣ್ಣ ಮಿಡಿತವಾದರೆ ಒಂದು, ಉದ್ದದ ಮಿಡಿತವಾದರೆ ಸೊನ್ನೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಒಂದು ಡೀಕೋಡರ್. ತನ್ನ ನಂಬರು ಕೇಳಿದರೆ ಮಾತ್ರ ಕದಲುತ್ತದೆ. ಜರ್ಮನಿಯ ಲೆಂಟ್ಸ್ ಕಂಪನಿ 1980ರ ದಶಕದ ಕೊನೆಯಲ್ಲಿ ರೂಪಿಸಿದ ಈ ಉಪಾಯವನ್ನು ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಮುಂದಿನ ದಶಕದಲ್ಲಿ ಎಲ್ಲರಿಗೂ ಒಪ್ಪುವ ಮಾನಕವಾಗಿಸಿತು. ತಮಾಷೆಯೆಂದರೆ, ಹೊಸ ಡೀಕೋಡರುಗಳಿಗೆಲ್ಲ ಹುಟ್ಟಿನಿಂದ ಬರುವ ನಂಬರು ಮೂರು. ಬದಲಾಯಿಸದೆ ಹಳಿಗಿಟ್ಟು ಮೂರನ್ನು ಕರೆದಿರೋ, ನಮ್ಮೂರ ತರಕಾರಿ ಮಾರ್ಕೆಟ್ಟಿನಲ್ಲಿ ನಿಂತು "ಪಳನಿ!" ಎಂದು ಕೂಗಿದ ಹಾಗೆ, ಮೂಟೆ ಹೊತ್ತವರು, ತಕ್ಕಡಿ ಹಿಡಿದವರು, ಲಾರಿಯ ಮೇಲಿರುವವರು ಎಲ್ಲರೂ ಓಗೊಡುತ್ತಾರೆ.

ಇನ್ನು ವೈರ್‌ಲೆಸ್. ಮೊದಲು ಮನಸ್ಸು ಹೋದದ್ದು ಅಮೆರಿಕದ ರೇಡಿಯೋ ಹ್ಯಾಂಡ್‌ಸೆಟ್ಟುಗಳ ಮೇಲೆ. ಅಂಗೈ ತುಂಬುವ ಗಾತ್ರ, ತಿರುಗಿಸಲು ದಪ್ಪ ಗುಂಡಿ, ನೋಡಿದರೆ ಡ್ರೈವರನಾಗಿಯೇ ಹುಟ್ಟಬೇಕಿತ್ತು ಎನಿಸುತ್ತದೆ. ಆದರೆ ಅವುಗಳಲ್ಲಿ ಕೆಲವು ಮಾತಾಡುವುದು 916 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ. ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಮಾತಾಡಬಹುದಾದ ಜಾಗ 865ರಿಂದ 868, ಇಲ್ಲವೇ ವೈಫೈ ಬ್ಲೂಟೂತುಗಳು ಗಿಜಿಗುಡುವ 2.4 ಗಿಗಾಹರ್ಟ್ಸ್. ಆಟದ ರೈಲಿಗಾಗಿ ದೂರಸಂಪರ್ಕ ಇಲಾಖೆಯ ಕಾನೂನು ಮುರಿದ ನಿವೃತ್ತ ಬ್ಯಾಂಕ್ ಅಧಿಕಾರಿ ಎಂದು ಪೇಪರಿನಲ್ಲಿ ಬರುವುದು ನನಗೆ ಬೇಡವಾಗಿತ್ತು.

ಬ್ಲೂಟೂತಿನಲ್ಲಿ ಹಾರ್ನ್‌ಬಿಯವರ ಎಚ್‌ಎಂ7000 ಇದೆ; ನಡುವೆ ಪೆಟ್ಟಿಗೆಯೇ ಬೇಡ, ಫೋನು ನೇರವಾಗಿ ಎಂಜಿನ್ನಿನ ಜೊತೆಗೇ ಮಾತಾಡುತ್ತದೆ. ಆದರೆ ಎಂಜಿನ್ನುಗಳಿಗೆಲ್ಲ ಅವರದೇ ಡೀಕೋಡರ್ ಹಾಕಿಸಬೇಕು. ಬ್ಯಾಟರಿಯನ್ನೇ ಎಂಜಿನ್ನಿನೊಳಗೆ ಇಟ್ಟು ಹಳಿಗೆ ಕರೆಂಟೇ ಕೊಡದ ಪಂಥದವರೂ ಇದ್ದಾರೆ. ಕರೆಂಟು ಹೋದರೂ ಗಾಡಿ ಓಡುತ್ತದಂತೆ. ಕತ್ತಲಲ್ಲಿ ಓಡುವ ಗಾಡಿಯನ್ನು ನೋಡುವುದು ಯಾರು? ನನ್ನ ಅಳತೆಯ ಎಂಜಿನ್ನಿನಲ್ಲಿ ಮೋಟಾರು, ಡೀಕೋಡರ್, ಸ್ಪೀಕರ್ ಕೂತ ಮೇಲೆ ಬ್ಯಾಟರಿಗೆ ಉಳಿಯುವುದು ಡ್ರೈವರನ ಸೀಟು ಒಂದೇ.

ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು: "ಅಪ್ಪಾ, ಡಿಸಿಸಿ-ಇಎಕ್ಸ್ ಹಾಕಿ. ಆರ್ಡುಯಿನೋ ಬೋರ್ಡು, ಮೋಟಾರಿನದೊಂದು ಬೋರ್ಡು, ವೈಫೈ ಚಿಪ್ಪು. ಸಾಫ್ಟ್‌ವೇರ್ ಬಿಟ್ಟಿ." ಪಿಂಚಣಿದಾರನ ಕಿವಿಗೆ ಇಡೀ ವಾಕ್ಯದಲ್ಲಿ ಸ್ಪಷ್ಟವಾಗಿ ಬಿದ್ದದ್ದು ಕೊನೆಯ ಪದ. ರೋಕೋದವರ ಕಪ್ಪು ಝಡ್21 ಪೆಟ್ಟಿಗೆ ನಿಜಕ್ಕೂ ಅಂದವಾಗಿದೆ, ವೈಫೈ ರೂಟರ್ ಕೂಡ ಜೊತೆಗೇ ಬರುತ್ತದೆ. ಬೆಲೆ ಕೇಳಿದ ಮೇಲೆ ಅದನ್ನು ದೂರದಿಂದಲೇ ಗೌರವಿಸುವುದೆಂದು ನಿಶ್ಚಯಿಸಿದೆ.

ವೈರಿಂಗಿಗೆ ಬಂದ ಎಲೆಕ್ಟ್ರಿಷಿಯನ್ ಹಲಗೆಯ ಕೆಳಗೆ ಅಂಗಾತ ಮಲಗಿ ಬಹಳ ಹೊತ್ತು ಮಾತಾಡಲಿಲ್ಲ. ಹಲಗೆಯ ಉದ್ದಕ್ಕೂ ಎರಡು ದಪ್ಪ ತಂತಿ, ಅದರಿಂದ ಪ್ರತಿ ಹಳಿ ತುಂಡಿಗೂ ಸಣ್ಣ ತಂತಿಗಳು, ಪಾಯಿಂಟುಗಳಿಗೆ ಬೇರೆ, ಸಿಗ್ನಲ್ ದೀಪಗಳಿಗೆ ಬೇರೆ, ಕಂಬಂ ಕವಲಿಗೆ ಇನ್ನೊಂದು ಕಟ್ಟು. "ವೈರ್‌ಲೆಸ್ ಅಂದ್ರಲ್ಲಾ ಸಾರ್?" ಎಂಬ ದನಿ ಕೆಳಗಿನಿಂದ ಕೇಳಿತು. ಕೈಯಿಂದ ಪೆಟ್ಟಿಗೆಯವರೆಗೆ ಮಾತ್ರ ವೈರ್‌ಲೆಸ್, ಆಮೇಲೆ ಹಳಿಯೇ ಒಂದು ವೈರು ಎಂದು ವಿವರಿಸಿದೆ. ಅಂದರೆ ಇಷ್ಟೆಲ್ಲ ಖರ್ಚು ಉಳಿಸಿದ್ದು ಒಂದೂವರೆ ಗಜ ತಂತಿ. ಅವನು ಕೂಲಿಯನ್ನು ಮಾತ್ರ ಹಲಗೆಯ ಕೆಳಗಿದ್ದ ತಂತಿಯ ಲೆಕ್ಕದಲ್ಲಿ ತೆಗೆದುಕೊಂಡ.

ಆದರೂ ಆ ಒಂದೂವರೆ ಗಜದ ಬೆಲೆ ದೊಡ್ಡದು. ತಂತಿ ಇಲ್ಲದ್ದರಿಂದ ಗಾಡಿಯ ಜೊತೆ ಜೊತೆಗೇ ಹಲಗೆಯ ಸುತ್ತ ನಡೆಯಬಹುದು, ದಿಂಡಿಗಲ್ಲಿನಿಂದ ಪಳನಿಯವರೆಗೆ ಕಾಲ್ನಡಿಗೆಯಲ್ಲಿ. ಡಾಕ್ಟರೂ ನಡೆಯಿರಿ ಎಂದೇ ಹೇಳಿದ್ದರು. ಹಿಂದೆ ಒಂಟಿ ಹಳಿಯ ದಾರಿಗಳಲ್ಲಿ ನೀಲ್ ಟೋಕನ್ ಪೆಟ್ಟಿಗೆಯಿಂದ ಹೊರಬಿದ್ದ ಲೋಹದ ಗುಂಡು ಡ್ರೈವರನ ಕೈಸೇರುವವರೆಗೆ ಗಾಡಿ ಮುಂದಿನ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ. ಆ ಗುಂಡಿಗೆ ಚಾರ್ಜು ಬೇಕಿರಲಿಲ್ಲ, ಪಾಸ್‌ವರ್ಡೂ ಇರಲಿಲ್ಲ. ಗಾಡಿ ಓಡಿಸುವ ನನ್ನ ಫೋನಿಗೆ ಎರಡೂ ಬೇಕು. ಮೇಲಾಗಿ ಫೋನಿನ ಗಾಜಿನ ಮೇಲೆ ಬೆರಳು ಎಲ್ಲಿದೆಯೆಂದು ಕಣ್ಣಿಟ್ಟೇ ನೋಡಬೇಕು. ಅಷ್ಟರಲ್ಲಿ ಗಾಡಿ ಬೆಟ್ಟದೊಳಗೆ ಹೋಗಿಬಿಟ್ಟಿರುತ್ತದೆ. ನನ್ನ ಕೇಳಿದರೆ, ತಿರುಗಿಸುವ ಗುಂಡಿಗೆ ಸಮನಾದದ್ದು ಇನ್ನೂ ಬಂದಿಲ್ಲ.

ಗಾಡಿ ಯಾವತ್ತು ಓಡುತ್ತದೆ ಎಂದು ಕೇಳಿದವರಿಗೆಲ್ಲ ಬೋಡಿನಾಯಕನೂರಿನ ಉದಾಹರಣೆ ಕೊಡುತ್ತಿದ್ದೆ. ಗೇಜ್ ಬದಲಾವಣೆಗೆಂದು 2010ರ ಕೊನೆಗೆ ನಿಂತ ಮಧುರೈ ಗಾಡಿ ತೇನಿಗೆ ಮರಳಿದ್ದು 2022ರಲ್ಲಿ, ಬೋಡಿಗೆ 2023ರಲ್ಲಿ. ಅದಕ್ಕೆ ಹೋಲಿಸಿದರೆ ಒಡ್ಡನ್‌ಛತ್ರಂ ಜಂಕ್ಷನ್ ಎಕ್ಸ್‌ಪ್ರೆಸ್ ವೇಗದಲ್ಲಿ ಸಿದ್ಧವಾಯಿತು.

ಉದ್ಘಾಟನೆಗೆ ಬಂದವರು ಪಕ್ಕದ ಮನೆಯ ಕಮಿಷನ್ ಮಂಡಿ ಗೌಂಡರು. ತಮ್ಮ ಫೋನಿನಲ್ಲೇ ಆ್ಯಪ್ ಹಾಕಿಸಿಕೊಂಡು ಗೂಡ್ಸ್ ಗಾಡಿಯ ಡ್ರೈವರರಾದರು. ಗೂಡ್ಸಿನ ತುಂಬ ನುಗ್ಗೆಕಾಯಿ. ಅದಿಲ್ಲದೆ ಈ ಊರಿನಿಂದ ಗಾಡಿ ಹೊರಡಿಸಿದರೆ ಯಾರು ನಂಬುತ್ತಾರೆ? ಎರಡಡಿಯ ನುಗ್ಗೆಕಾಯಿ 1:87ರಲ್ಲಿ ಏಳು ಮಿಲಿಮೀಟರ್ ಆಗುತ್ತದೆ. ನನ್ನಾಕೆ ಒಗ್ಗರಣೆ ಡಬ್ಬಿ ತೆಗೆದು, ನೀಳವಾದ ಜೀರಿಗೆ ಆರಿಸಿ ವ್ಯಾಗನ್ನುಗಳಿಗೆ ತುಂಬಿಕೊಟ್ಟಿದ್ದಳು. ಗಾಡಿ ಅರ್ಧ ಸುತ್ತು ಬಂದಿತ್ತು, ಗೌಂಡರ ಫೋನು ರಿಂಗಾಯಿತು. ಕರೆ ಬಂದರೆ ಗಾಡಿ ನಿಲ್ಲುವಂತೆ ಆ್ಯಪಿನಲ್ಲೇ ಏರ್ಪಾಡಿತ್ತು. ಗಾಡಿ ಸುರಂಗದ ಬಾಯಲ್ಲಿ ನಿಂತಿತು. "ಕೇರಳಾ ಪಾರ್ಟಿ ಸಾರ್, ಒಂದ್ನಿಮಿಷ" ಎಂದ ಗೌಂಡರು ರೇಟು ಮಾತಾಡುತ್ತಲೇ ಬಗ್ಗಿ, ವ್ಯಾಗನ್ನಿನಿಂದ ಒಂದು ಜೀರಿಗೆಯನ್ನು ಎತ್ತಿ, ಉಗುರಿನಲ್ಲಿ ಒತ್ತಿ, ಬೆಳಕಿಗೆ ಹಿಡಿದು ನೋಡಿದರು. ಫೋನಿಗೆ ಕೈ ಅಡ್ಡವಿಟ್ಟು ನನ್ನತ್ತ ತಿರುಗಿ,

"ಬಾಡೋಗಿದೆ ಸಾರ್" ಎಂದರು. "ಪಾಲಕ್ಕಾಡಿನವರು ಇದನ್ನ ತಗಳಲ್ಲ."